ಗೆಲುವಿನ ಪಾಠ, ಶಾಂತಿಯ ಪಾಠ

ಇಲ್ಲಿ ಮಾತಾಡುವ ಇಬ್ಬರೂ ಬಾಗಲಕೋಟೆ ಜಿಲ್ಲೆಯವರು. ಒಬ್ಬರು ಇಳಕಲ್ಲಿನಲ್ಲಿ ನೆಲೆಸಿರುವ ನಿವೃತ್ತ ಇತಿಹಾಸ ಮಾಸ್ತರು. ಇನ್ನೊಬ್ಬರು ಅವರ ಹಳೆಯ ವಿದ್ಯಾರ್ಥಿನಿ, ಈಗ ಹುನಗುಂದ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ಅಕ್ಕೋರು. ಎರಡನೆಯ ಮಹಾಯುದ್ಧದಲ್ಲಿ ಸೋತ ಜಪಾನಿನ ವಿದ್ವಾಂಸರು ರಾಜಕೀಯ, ಶಾಂತಿ, ಶಿಕ್ಷಣ ಕುರಿತು ನಡೆಸಿದ ವಾದವನ್ನು ತಮ್ಮ ನೆಲದ ಅನುಭವದ ಎದುರಿಗಿಟ್ಟು ನೋಡುವುದು ಈ ಮಾತುಕತೆಯ ಉದ್ದೇಶ.

ಅಕ್ಕೋರು: ಸರ, ಚಾಲುಕ್ಯರ ಪಾಠ ಮಾಡೂವಾಗ ಪ್ರತಿ ವರ್ಷ ಒಂದು ಪ್ರಶ್ನೆ ಕಾಡತೈತ್ರಿ. ಇಮ್ಮಡಿ ಪುಲಿಕೇಶಿ ಹರ್ಷವರ್ಧನನ್ನ ನರ್ಮದಾ ನದಿ ಕಡೆ ತಡೆದ ಅಂತ ಹೇಳಿದ ಕೂಡ್ಲೆ ಹುಡುಗರು ಚಪ್ಪಾಳಿ ಹೊಡೀತಾರ. ಐಹೊಳೆ ನಮ್ಮ ಮಗ್ಗಲಾಗ ಐತಿ, ಹೆಮ್ಮೆ ಸಹಜ. ಆದ್ರ ನಾ ಕಲಿಸಿದ್ದು ಇತಿಹಾಸೇನು, ಬರೇ ಗೆದ್ದ ಹುರುಪೇನು ಅಂತ ಅನುಮಾನ ಬರತೈತಿ. ನೀವು ಜಪಾನಿನ ಮಾಸ್ತರರ ವಿಷಯ ತಿಳಕೋ ಅಂದ್ರಿ. ಅವರಿಗೂ ನಮಗೂ ಏನು ಸಂಬಂಧ್ರಿ?

ಮಾಸ್ತರು: ಸಂಬಂಧ ಪಠ್ಯಪುಸ್ತಕದಾಗ ಐತಿ ತಂಗಿ. 1945ರ ಆಗಸ್ಟ್‌ನ್ಯಾಗ ಜಪಾನ್ ಶರಣಾತು. ಸಾಲಿ ಮತ್ತ ಸುರು ಆದಾಗ ಹೊಸ ಪುಸ್ತಕ ಇರಲಿಲ್ಲ. ಹಳೇ ಪುಸ್ತಕದ ತುಂಬ ಯುದ್ಧ ಹೊಗಳಿದ ಸಾಲು. ಹಂಗಾಗಿ ಮಾಸ್ತರರು ಪುಟ ಹೇಳತಿದ್ರು, ಸಾಲು ಹೇಳತಿದ್ರು, ಹುಡುಗರು ಕುಂಚ ಹಿಡಿದು ಆ ಸಾಲಿನ ಮ್ಯಾಲ ಕಪ್ಪು ಮಸಿ ಬಳೀತಿದ್ರು. ಕೆಲವು ತಿಂಗಳ ಹಿಂದ ಅದೇ ಸಾಲು ಬಾಯಿಪಾಠ ಮಾಡಿಸಿದ್ದೂ ಅದೇ ಮಾಸ್ತರರು. ಮಕ್ಕಳ ಕಣ್ಣ ಮುಂದ ಗುರು ತನ್ನ ಮಾತು ತಾನ ಅಳಿಸಬೇಕಾತು. ಯುದ್ಧದ ನಂತರ ಆ ದೇಶದಾಗ ಎದ್ದ ದೊಡ್ಡ ಪ್ರಶ್ನೆ ಅಲ್ಲೇ ಹುಟ್ಟಿತು ಅಂತ ನಾ ತಿಳಿದೇನಿ: ನಾವು ಸುಳ್ಳು ಕಲಿಸಿದ್ದು ಹ್ಯಾಂಗ, ಕಲಿಸೂವಾಗ ಯಾರೂ ಯಾಕ ಒಲ್ಲೆ ಅನ್ನಲಿಲ್ಲ?

ಅಕ್ಕೋರು: ಒಲ್ಲೆ ಅಂದ್ರ ಜೈಲಿಗೆ ಹಾಕತಿದ್ರಲ್ರಿ.

ಮಾಸ್ತರು: ಹಾಕತಿದ್ರು, ಖರೇ. ಆದ್ರ ಬರೇ ಹೆದರಿಕಿಯಿಂದ ಅಷ್ಟು ದೊಡ್ಡ ದೇಶ ನಡೀಲಿಲ್ಲ. 1890ರಾಗ ಚಕ್ರವರ್ತಿ ಹೆಸರಿನ ಶಿಕ್ಷಣ ಆಜ್ಞೆ ಅಂತ ಒಂದು ಪತ್ರ ಹೊರಟಿತ್ತು. ಸಾಲಿ ಸಮಾರಂಭದಾಗ ಅದನ್ನ ಭಕ್ತಿಯಿಂದ ಓದತಿದ್ರು, ಹುಡುಗರು ತಲಿ ಬಾಗಿಸಿ ನಿಂದರತಿದ್ರು. ಒಳ್ಳೇ ನಡತಿ ಅಂದ್ರ ಏನು, ಆಪತ್ತು ಬಂದಾಗ ದೇಶಕ್ಕ ಹ್ಯಾಂಗ ಅರ್ಪಿಸಿಕೊಳ್ಳಬೇಕು, ಎಲ್ಲಾ ಅದರಾಗ. ಅಂದ್ರ ಒಳ್ಳೇದು ಕೆಟ್ಟದ್ದು ತೀರ್ಮಾನಿಸೂ ಹಕ್ಕು ಪ್ರಭುತ್ವದ ಕೈಯಾಗ ಹೋಗಿತ್ತು. ಇದನ್ನ 1946ರ ಮೇ ತಿಂಗಳದಾಗ ಮರುಯಾಮ ಮಸಾವೊ ಅನ್ನೋ ರಾಜ್ಯಶಾಸ್ತ್ರಜ್ಞ 'ಸೆಕಾಯ್' ಪತ್ರಿಕೆಯೊಳಗ ಬಿಡಿಸಿ ಬರೆದ. ಅವಗ ಆಗ 32 ವರ್ಷ. ಅಣುಬಾಂಬ್ ಬಿದ್ದ ದಿನ ಅಂವ ಸಾದಾ ಸಿಪಾಯಿಯಾಗಿ ಹಿರೋಶಿಮಾದ ಉಜಿನಾ ಬಂದರದಾಗ ಇದ್ದ, ಬದುಕಿ ಬಂದ.

ಅಕ್ಕೋರು: ಅಂವ ಏನು ಕಂಡಕೊಂಡ್ರಿ?

ಮಾಸ್ತರು: ಕೆಳಗಿನವ ಮ್ಯಾಲಿನವನ ಆಜ್ಞೆ ಅಂತಾನ. ಮ್ಯಾಲಿನವ ಇನ್ನೂ ಮ್ಯಾಲಿನವನ ಕಡೆ ಬೊಟ್ಟು ಮಾಡತಾನ. ತುತ್ತತುದಿಗೆ ಚಕ್ರವರ್ತಿ, ಅವನೂ ಪೂರ್ವಜರ ಕಡೆ ತೋರಸತಾನ. ಕಡೀಕ ಯುದ್ಧ ಸುರು ಮಾಡಿದವರು ಯಾರು ಅಂತ ಕೇಳಿದ್ರ 'ನಾ ಮಾಡಿದೆ' ಅನ್ನೋ ಒಬ್ಬ ಮನಿಷಾ ಸಿಗೂದಿಲ್ಲ. ಕೋಟಿಗಟ್ಟಲೆ ಜನ ಸತ್ರು, ಹೊಣಿ ಮಾತ್ರ ಯಾರ ಹೆಗಲಿಗೂ ಬರಲಿಲ್ಲ. ಇದು ಅಂವ ತೋರಿಸಿದ ರೋಗ. ಈಗ ನೀ ಹೇಳು, ನಮ್ಮ ಇಲಾಖೆಯೊಳಗ 'ಮ್ಯಾಲಿಂದ ಸುತ್ತೋಲೆ ಬಂದೈತಿ' ಅನ್ನೋ ಮಾತು ದಿನಕ್ಕ ಎಷ್ಟು ಸಲ ಕೇಳತಿ?

ಅಕ್ಕೋರು: ಕೇಳಿ ಕೇಳಿ ರೂಢಿ ಆಗೈತ್ರಿ. ಆದ್ರ ಸರ, ಸುತ್ತೋಲೆ ಪಾಲಿಸೂದಕ್ಕೂ ಯುದ್ಧಕ್ಕೂ ಭಾಳ ಅಂತರ ಐತಿ. ಬಿಸಿಯೂಟದ ಲೆಕ್ಕ ಕಳಿಸ್ರಿ ಅಂದ್ರ ಕಳಸೂದ ಬ್ಯಾಡೇನು?

ಮಾಸ್ತರು: ಕಳಸ್ಲೇಬೇಕು. ನಾ ಹೇಳೂದು ಪಾಠದ ವಿಷಯ. ಲೆಕ್ಕ ಕೇಳೂ ಅಧಿಕಾರ ಸರ್ಕಾರಕ್ಕ ಐತಿ. ನಿನ್ನ ತರಗತಿಯೊಳಗ ಯಾವುದು ಖರೇ ಅಂತ ತೀರ್ಮಾನಿಸೂ ಅಧಿಕಾರ ಪುರಾವೆಗೆ ಐತಿ. ಈ ಎರಡರ ನಡುವಿನ ಗೆರಿ ಅಳಿಸಿ ಹೋದಾಗ ಜಪಾನಿಗೆ ಆದ ಗತಿ ಆಗತೈತಿ. ಅದಕ್ಕ ಯುದ್ಧದ ನಂತರ ಅವರು ಮೊದಲು ಈ ಗೆರಿ ಬರೆದ್ರು. 1947ರಾಗ ಶಿಕ್ಷಣದ ಮೂಲ ಕಾಯಿದೆ ಬಂತು. ಶಿಕ್ಷಣ ಅನುಚಿತ ಹಿಡಿತಕ್ಕ ಸಿಗಬಾರದು, ಅದು ನೇರ ಜನರಿಗೆ ಹೊಣಿ ಆಗಿರಬೇಕು ಅಂತ ಅದರಾಗ ಹೇಳಿದ್ರು. ಮರು ವರ್ಷ ಸಂಸತ್ತು ಹಳೇ ಶಿಕ್ಷಣ ಆಜ್ಞೆ ರದ್ದಾತು ಅಂತ ಸಾರಿತು. ಶಿಕ್ಷಕರ ಸಂಘಾನೂ 1947ರಾಗ ಕಟ್ಟಿದ್ರು. 1951ರಾಗ ಆ ಸಂಘ ಒಂದು ಪಣ ತೊಟ್ಟಿತು: ನಮ್ಮ ಶಿಷ್ಯರನ್ನ ಇನ್ನೊಮ್ಮೆ ರಣರಂಗಕ್ಕ ಕಳಸೂದಿಲ್ಲ. ಪಾಠ ಕಲಿಸಿದ ಹುಡುಗರ ಹೆಣ ನೋಡಿದ ಗುರುಗಳ ಮಾತು ಅದು.

ಅಕ್ಕೋರು: ಆ ಪಣಾನ ನನಗ ತೊಡಕಾಗೂದು ಸರ. ನಮ್ಮ ಹಳ್ಳಿ ಹುಡುಗರು ಸೈನ್ಯಕ್ಕ ಸೇರಾಕ ಬೆಳಗಿನ ಜಾವ ಎದ್ದು ಓಡತಾರ. ಅವರಿಗೆ ನಾ 'ರಣರಂಗಕ್ಕ ಕಳಸೂದಿಲ್ಲ' ಅಂದ್ರ ಅದು ಅವರಿಗೆ ಮಾಡಿದ ಅವಮಾನ ಆಗೂದಿಲ್ಲೇನ್ರಿ? ಜಪಾನ್ ಬ್ಯಾರೆ ದೇಶದ ಮ್ಯಾಲ ಏರಿ ಹೋಗಿತ್ತು. ನಮ್ಮ ಮ್ಯಾಲ 1962ರಾಗ ಬ್ಯಾರೆಯವರು ಏರಿ ಬಂದ್ರು.

ಮಾಸ್ತರು: ಇದು ತೂಕದ ಮಾತು. ನಮ್ಮ ಜಿಲ್ಲೆಯ ಇತಿಹಾಸಾನ ನಿನ್ನ ಪರ ಐತಿ. 1962ರಾಗ ಹುನಗುಂದದಿಂದ ಆರಿಸಿ ಹೋಗಿದ್ದ ಎಸ್. ಆರ್. ಕಂಠಿಯವರು ಮೈಸೂರು ರಾಜ್ಯದ ಮುಖ್ಯಮಂತ್ರಿ ಆದ್ರು. ನಿಜಲಿಂಗಪ್ಪನವರು ಆ ಚುನಾವಣೆಯೊಳಗ ಸೋತಿದ್ರು. ಮುಂದ ಅವರು ಬಾಗಲಕೋಟೆಯಿಂದ ಉಪಚುನಾವಣೆಯೊಳಗ ಆರಿಸಿ ಬಂದ ಮ್ಯಾಲ, ಮಾರ್ಚ್‌ನ್ಯಾಗ ಏರಿದ ಗಾದಿಯನ್ನ ಕಂಠಿಯವರು ಜೂನ್‌ನ್ಯಾಗ ಬಿಟ್ಟು ಕೊಟ್ರು. ಜನ ಅವರನ್ನ ರಾಮಾಯಣದ ಭರತನಿಗೆ ಹೋಲಿಸಿದ್ರು. ಆಮೇಲೆ ಅವರು ಶಿಕ್ಷಣ ಮಂತ್ರಿ ಆದ್ರು. ಅದೇ ವರ್ಷದ ಅಕ್ಟೋಬರ್‌ನ್ಯಾಗ ಚೀನಾ ಯುದ್ಧ. 1963ರ ಸೆಪ್ಟೆಂಬರ್ 16ಕ್ಕ ವಿಜಯಪುರದಾಗ ಸೈನಿಕ ಶಾಲೆ ಸುರು ಆತು. ಅದರ ಹಿಂದ ಕಂಠಿಯವರ ಪ್ರಯತ್ನ ಇತ್ತು. ಆಗ ಬಾಗಲಕೋಟೆ, ಬಾದಾಮಿ, ಹುನಗುಂದ ಎಲ್ಲಾ ವಿಜಯಪುರ ಜಿಲ್ಲೆನ.

ಅಕ್ಕೋರು: ನೋಡ್ರಿ ಮತ್ತ. ಅಲ್ಲಿ ಶಿಕ್ಷಕರು ಶಿಷ್ಯರನ್ನ ಕಳಸೂದಿಲ್ಲ ಅಂದ್ರು, ಇಲ್ಲಿ ನಮ್ಮ ಶಿಕ್ಷಣ ಮಂತ್ರಿ ಸೈನಿಕ ಶಾಲೆ ತಂದ್ರು. ಯಾರು ಸರಿ?

ಮಾಸ್ತರು: ಜಪಾನಿನೊಳಗೂ ಈ ಪ್ರಶ್ನೆ ಅದೇ ಹೊತ್ತಿಗೆ ಎದ್ದಿತ್ತು ಅಂದ್ರ ನೀ ನಂಬತಿಯೇನು? 1963ರ ಜನವರಿಯೊಳಗ ಕೊಸಾಕ ಮಸಾತಾಕ ಅನ್ನೋ ತರುಣ ವಿದ್ವಾಂಸ 'ಚುವೋ ಕೊರೊನ್' ಪತ್ರಿಕೆಯೊಳಗ ಒಂದು ಲೇಖನ ಬರೆದ. ಸೈನ್ಯ ಬ್ಯಾಡ, ಒಪ್ಪಂದ ಬ್ಯಾಡ, ತಟಸ್ಥ ಇರೂನು ಅನ್ನೋ ಶಾಂತಿವಾದಿಗಳ ಆದರ್ಶಕ್ಕ ಬೆಲಿ ಐತಿ. ಆದ್ರ ಇದ್ದ ಸ್ಥಿತಿಯಿಂದ ಆ ಗುರಿಗೆ ಹೋಗೂ ದಾರಿ ಯಾವುದು ಅಂತ ಅವರು ಹೇಳೂದಿಲ್ಲ ಅನ್ನೂದು ಅವನ ತಕರಾರು. ಅವನಿಗಿಂತ ಮೊದಲು, 1954ರಾಗ, ನಾಟಕಕಾರ ಫುಕುದ ತ್ಸುನೆಆರಿ ಶಾಂತಿವಾದಿಗಳನ್ನ ಇನ್ನೂ ಕಟುವಾಗಿ ಪ್ರಶ್ನಿಸಿದ್ದ. ಯಾರೂ ಅವರ ಬಾಯಿ ಮುಚ್ಚಿಸಲಿಲ್ಲ. ಶಾಂತಿವಾದಿಗಳು ಉತ್ತರ ಬರೆದ್ರು, ಇವರು ಮತ್ತ ಬರೆದ್ರು. ಯುದ್ಧಕ್ಕ ಮೊದಲು ಇಂಥ ವಾದ ಸಾಧ್ಯ ಇರಲಿಲ್ಲ. ನನಗ ಆ ಕಾಲದ ದೊಡ್ಡ ಗಳಿಕಿ ಇದ ಅನಸತೈತಿ.

ಅಕ್ಕೋರು: ನೀವು ಪ್ರಶ್ನೆಯಿಂದ ಜಾರಿದ್ರಿ ಸರ. ಸೈನಿಕ ಶಾಲೆ ಸರಿನೋ ತಪ್ಪೋ?

ಮಾಸ್ತರು: ಸರಿ. ನಾ ಹೆಂಗ ತಪ್ಪು ಅನ್ನಲಿ? ನಮ್ಮ ಸಂವಿಧಾನದಾಗ ಜಪಾನಿನ 9ನೇ ವಿಧಿಯಂಥದ್ದಿಲ್ಲ. ಅವರು ಯುದ್ಧದ ಹಕ್ಕನ್ನ ತ್ಯಾಗ ಮಾಡಿದ್ರು. ನಮ್ಮ 51ನೇ ವಿಧಿ ಅಂತಾರಾಷ್ಟ್ರೀಯ ಶಾಂತಿಗೆ ಪ್ರಯತ್ನ ಮಾಡ್ರಿ, ಜಗಳಾನ ಪಂಚಾಯ್ತಿಯಿಂದ ಬಗೆಹರಿಸಾಕ ಪ್ರೋತ್ಸಾಹ ಕೊಡ್ರಿ ಅಂತ ರಾಜ್ಯಕ್ಕ ದಾರಿ ತೋರಸತೈತಿ. ದೇಶ ಕಾಯೂ ಸಿಪಾಯಿಗೂ ಆ ವಿಧಿಗೂ ವಿರೋಧ ಇಲ್ಲ. ಸಿಪಾಯಿ ಆಗಬೇಕು ಅನ್ನೋ ಹುಡುಗನಿಗೆ ಓಡೂದು, ಗಣಿತ, ಇಂಗ್ಲಿಷ್ ಕಲಸ್ರಿ. ಅದರ ಜೋಡಿ ಯುದ್ಧ ಹ್ಯಾಂಗ ಹುಟ್ಟತೈತಿ ಅನ್ನೂದನ್ನೂ ಕಲಸ್ರಿ. ತನ್ನನ್ನ ಯಾಕ ಕಳಸತಾರ ಅಂತ ಕೇಳೂ ನಾಗರಿಕ ಒಳ್ಳೇ ಸಿಪಾಯಿನೂ ಆಗತಾನ. ಜಪಾನಿನ ಶಿಕ್ಷಕರ ಪಣದಾಗ ನಾ ತಗೊಳ್ಳೂದು ಇಷ್ಟು: ಹುಡುಗರ ತಲಿಯೊಳಗ ದ್ವೇಷ ತುಂಬಿ, ವಿಚಾರ ಕಿತ್ತು, ಅವರನ್ನ ಕಳಸೂದಿಲ್ಲ.

ಅಕ್ಕೋರು: ಹಂಗಂದ್ರ ಒಪ್ಪಬಹುದು. ಮತ್ತ ಅಲ್ಲಿ ಸರ್ಕಾರದವರು ಈ ವಿದ್ವಾಂಸರ ಮಾತು ಕೇಳಿದ್ರೇನ್ರಿ?

ಮಾಸ್ತರು: ಭಾಳ ಸಲ ಕೇಳಲಿಲ್ಲ. 1948ರಾಗ ಯುನೆಸ್ಕೋ ಎಂಟು ಸಮಾಜ ವಿಜ್ಞಾನಿಗಳನ್ನ ಕೂಡಿಸಿ, ಯುದ್ಧಕ್ಕ ಕಾರಣ ಏನು ಅಂತ ಒಂದು ಹೇಳಿಕೆ ಹೊರಡಿಸಿತು. ಅದನ್ನ ಓದಿ 'ಸೆಕಾಯ್' ಸಂಪಾದಕ ಯೊಶಿನೊ ಗೆನ್‌ಜಬುರೊ ತನ್ನ ದೇಶದ ವಿದ್ವಾಂಸರನ್ನ ಒಂದ ಕಡೆ ಕೂಡಿಸಿದ. ಶಾಂತಿ ಸಮಸ್ಯೆಗಳ ಚರ್ಚಾ ಬಳಗ ಹಂಗ ಹುಟ್ಟಿತು. ಶಾಂತಿ ಒಪ್ಪಂದ ಆಗೂದಾದ್ರ ಅಮೆರಿಕದ ಬಣದ ಜೋಡಿ ಅಷ್ಟ ಅಲ್ಲ, ಸೋವಿಯತ್ ಒಕ್ಕೂಟ, ಚೀನಾ ಸೇರಿ ಎಲ್ಲರ ಜೋಡಿ ಆಗಬೇಕು ಅಂತ ಈ ಬಳಗ 1950ರಾಗ ಹೇಳಿತು. ಟೋಕಿಯೊ ವಿಶ್ವವಿದ್ಯಾಲಯದ ಅಧ್ಯಕ್ಷ ನಾನ್‌ಬಾರ ಶಿಗೆರು ಈ ಮಾತನ್ನ ಗಟ್ಟಿಯಾಗಿ ಆಡಿದ. ಪ್ರಧಾನಿ ಯೊಶಿದ ಅವನನ್ನ, ವಿದ್ಯೆ ಬಗ್ಗಿಸಿ ಲೋಕ ಮೆಚ್ಚಿಸೂ ಮನಿಷಾ ಅಂತ ಹೀಯಾಳಿಸಿದ. ವಿದ್ವಾಂಸರಿಗೆ ರಾಜಕೀಯ ಯಾಕ ಬೇಕು ಅನ್ನೂದು ಪ್ರಧಾನಿ ಭಾವನೆ. ದೇಶದ ಉಳಿವು ಅಳಿವಿನ ಪ್ರಶ್ನೆಯೊಳಗ ವಿದ್ವಾಂಸ ಸುಮ್ನ ಕುಂತ್ರ ಹಿಂದಿನ ತಪ್ಪ ಮತ್ತ ಆಗತೈತಿ ಅನ್ನೂದು ನಾನ್‌ಬಾರನ ಉತ್ತರ.

ಅಕ್ಕೋರು: ಆ ಒಪ್ಪಂದಕ್ಕ ನಮ್ಮ ದೇಶ ಸಹಿ ಹಾಕಲಿಲ್ಲ ಅಂತ ಓದಿದ ನೆನಪು.

ಮಾಸ್ತರು: ಹೌದು. 1951ರ ಸೆಪ್ಟೆಂಬರ್‌ನ್ಯಾಗ ಸ್ಯಾನ್‌ಫ್ರಾನ್ಸಿಸ್ಕೋ ಸಮ್ಮೇಳನಕ್ಕ ನೆಹರೂ ಸರ್ಕಾರ ಹೋಗಲೇ ಇಲ್ಲ. ಪರದೇಶದ ಸೈನ್ಯ ಜಪಾನಿನ ನೆಲದ ಮ್ಯಾಲ ಉಳಿಯೂ ಒಪ್ಪಂದ ಸಮಾನರ ಒಪ್ಪಂದ ಅಲ್ಲ ಅನ್ನೂದು ಒಂದು ಕಾರಣ. 1952ರ ಜೂನ್ 9ಕ್ಕ ಭಾರತ ಬ್ಯಾರೆ ಒಪ್ಪಂದ ಮಾಡಿಕೊಂಡು ಯುದ್ಧ ಪರಿಹಾರದ ಹಕ್ಕನ್ನೂ ಬಿಟ್ಟಿತು. ನಮ್ಮ ಸರ್ಕಾರದ ನಿಲುವು ಜಪಾನಿನ ಸರ್ಕಾರಕ್ಕಿಂತ ಅಲ್ಲಿನ ಚರ್ಚಾ ಬಳಗಕ್ಕ ಹತ್ತಿರ ಇತ್ತು. ಮುಂದ 1964ರಾಗ ಕೊಠಾರಿ ಶಿಕ್ಷಣ ಆಯೋಗ ನೇಮಕ ಆದಾಗ ಅದರಾಗ ಟೋಕಿಯೊದ ವಾಸೆದ ವಿಶ್ವವಿದ್ಯಾಲಯದ ಸದಾತೋಶಿ ಇಹಾರ ಅನ್ನೋ ಪ್ರಾಧ್ಯಾಪಕರೂ ಸದಸ್ಯರಾಗಿದ್ರು. ಬಡವರ ಮಕ್ಕಳು, ಶ್ರೀಮಂತರ ಮಕ್ಕಳು ಒಂದ ಸಾಲಿಯೊಳಗ ಕಲೀಬೇಕು ಅಂತ ಆ ಆಯೋಗ 1966ರಾಗ ಹೇಳಿತು. ಇವತ್ತಿಗೂ ನಾವು ಅದನ್ನ ಮಾಡಿಲ್ಲ.

ಅಕ್ಕೋರು: ನಾನ್‌ಬಾರನ ಮಾತಿಗೆ ಬರೂನು ಸರ. ಮಾಸ್ತರರು ರಾಜಕೀಯ ಮಾತಾಡಬೇಕೋ ಬ್ಯಾಡೋ? ನಾವು ಸರ್ಕಾರಿ ನೌಕರರು, ಪಕ್ಷ ಸೇರಂಗಿಲ್ಲ. ಸಾಲಿಯೊಳಗ ರಾಜಕೀಯ ಬ್ಯಾಡ ಅಂತ ಪಾಲಕರೂ ಅಂತಾರ.

ಮಾಸ್ತರು: ಜಪಾನಿನೊಳಗ ಇದರ ಸಲುವಾಗಿ ದೊಡ್ಡ ಜಗಳ ಆತು. 1954ರಾಗ ಎರಡು ಕಾಯಿದೆ ತಂದು ಶಿಕ್ಷಕರ ರಾಜಕೀಯ ಚಟುವಟಿಕೆಗೆ ಬೇಲಿ ಹಾಕಿದ್ರು. 1956ರಾಗ ಜನ ಆರಿಸೂ ಶಿಕ್ಷಣ ಮಂಡಳಿ ತಗದು ನೇಮಕದ ಮಂಡಳಿ ಮಾಡಿದ್ರು. ಮೇಲ್ಮನೆಯೊಳಗ ಪೊಲೀಸರನ್ನ ಕರಿಸಿ ಆ ಮಸೂದೆ ಪಾಸು ಮಾಡಿದ್ರು. ನಮ್ಮ ಮುಂಬೈ ಕರ್ನಾಟಕದಾಗೂ ಜಿಲ್ಲಾ ಸ್ಕೂಲ್ ಬೋರ್ಡ್ ಇದ್ದವು. ಹಳೇ ಮಂದಿ ಇನ್ನೂ 'ಬೋರ್ಡಿನ ಸಾಲಿ' ಅಂತಾರ. ಏಕೀಕರಣ ಆದ ಮುಂದಿನ ವರ್ಷಗಳಾಗ ಆ ಅಧಿಕಾರ ರಾಜ್ಯದ ಇಲಾಖೆಗೆ ಹೋತು. ಆದ್ರ ನಮ್ಮ ಸಂವಿಧಾನ ಒಂದು ವಿಶೇಷ ಮಾಡೈತಿ. ವಿಧಾನ ಪರಿಷತ್ತಿನ ಹನ್ನೆರಡನೇ ಒಂದು ಪಾಲು ಸದಸ್ಯರನ್ನ ಶಿಕ್ಷಕರು ಆರಿಸಬೇಕು. ಬೆಳಗಾವಿ, ವಿಜಯಪುರ, ಬಾಗಲಕೋಟೆ ಕೂಡಿ ವಾಯವ್ಯ ಶಿಕ್ಷಕರ ಕ್ಷೇತ್ರ. ಜಪಾನ್ ಶಿಕ್ಷಕರನ್ನ ರಾಜಕೀಯದಿಂದ ದೂರ ಇಟ್ಟಿತು, ನಮ್ಮ ಸಂವಿಧಾನ ಅವರನ್ನ ಸದನದೊಳಗ ಕರೆದು ಕೂಡಿಸಿತು.

ಅಕ್ಕೋರು: ಕೂಡಿಸಿತು, ಆದ್ರ ಅರ್ಧ ಮಂದಿನ್ನ ಹೊರಗ ಬಿಟ್ಟಿತು. ಪ್ರೌಢಶಾಲೆ ಮತ್ತ ಅದರ ಮ್ಯಾಲಿನವರಿಗೆ ಮಾತ್ರ ಆ ಓಟು. ಅಕ್ಷರ ತಿದ್ದಿಸೂ ಪ್ರಾಥಮಿಕ ಶಾಲೆ ಅಕ್ಕೋರಿಗೆ ಇಲ್ಲ. ಮತ್ತ ಆ ಚುನಾವಣೆಯೊಳಗ ಪಗಾರ, ಪಿಂಚಣಿ, ವರ್ಗಾವಣಿ ಮಾತು ಬರತಾವ. ಪಠ್ಯಪುಸ್ತಕ ಯಾರು ಬರೀಬೇಕು ಅಂತ ಒಬ್ಬ ಅಭ್ಯರ್ಥಿನೂ ನನ್ನ ಮುಂದ ಮಾತಾಡಿಲ್ಲ.

ಮಾಸ್ತರು: ನೀನರ ಕೇಳಿದ್ದೇನು?

ಅಕ್ಕೋರು: ಇಲ್ರಿ. ಕೇಳಬೇಕಿತ್ತು. ಮುಂದಿನ ಸಲ ಕೇಳತೇನಿ.

ಮಾಸ್ತರು: ಕೇಳು. ರಾಜಕೀಯ ಅಂದ್ರ ಪಕ್ಷದ ಬಾವುಟ ಅಷ್ಟ ಅಲ್ಲ. ನಮ್ಮ ಇಳಕಲ್ ಸೀರಿ ನೇಯೂವಾಗ ಮೈಯ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎರಡನ್ನೂ ಕೊಂಡಿ ಹಾಕಿ ಕೂಡಸತಾರ. ಕೊಂಡಿ ಬಿಚ್ಚಿದ್ರ ಸೀರಿ ಇಲ್ಲ, ಎರಡೂ ಕಲಸಿದ್ರ ಸೆರಗಿಲ್ಲ. ಶಿಕ್ಷಣ, ರಾಜಕೀಯ ಎರಡೂ ಹಂಗ ಇರಬೇಕು. ತರಗತಿಯೊಳಗ ಯಾವ ಪಕ್ಷದ ಪ್ರಚಾರಾನೂ ಬ್ಯಾಡ. ಆದ್ರ ಅಧಿಕಾರ ಹ್ಯಾಂಗ ನಡೀತೈತಿ, ಅದನ್ನ ಹ್ಯಾಂಗ ಪ್ರಶ್ನಿಸಬೇಕು ಅಂತ ಕಲಿಸಲಿಲ್ಲ ಅಂದ್ರ ಅದು ಸಮಾಜ ವಿಜ್ಞಾನ ಪಾಠ ಆಗೂದಿಲ್ಲ.

ಅಕ್ಕೋರು: ನೈತಿಕ ಶಿಕ್ಷಣದ ಮಾತು ಬ್ಯಾರೆ ಐತಲ್ರಿ. ಹುಡುಗರಿಗೆ ಒಳ್ಳೇ ನಡತಿ ಕಲಸ್ರಿ ಅಂತ ಎಲ್ಲಾರೂ ಹೇಳತಾರ. ಅದರಾಗ ತಪ್ಪೇನು?

ಮಾಸ್ತರು: ತಪ್ಪಿಲ್ಲ. ಯಾರು ಕಲಸತಾರ, ಯಾವ ಹಕ್ಕಿಲೆ ಕಲಸತಾರ ಅನ್ನೂದು ಪ್ರಶ್ನೆ. 1958ರಾಗ ಜಪಾನ್ ಸರ್ಕಾರ ನೈತಿಕ ಶಿಕ್ಷಣದ ತಾಸನ್ನ ಸಾಲಿಗೆ ಮತ್ತ ತಂದಾಗ ಶಿಕ್ಷಕರ ಸಂಘ ವಿರೋಧಿಸಿತು. ಹಳೇ ಆಜ್ಞೆ ಹಿಂಬಾಗಿಲಿಂದ ಬರತೈತಿ ಅನ್ನೋ ಹೆದರಿಕಿ. ಇಳಕಲ್ಲಿನ ಉದಾಹರಣೆ ನೋಡು. ಚಿತ್ತರಗಿ ಇಳಕಲ್ ಮಠದ ಮಹಾಂತ ಅಪ್ಪಗಳು 1975ರಾಗ 'ಮಹಾಂತ ಜೋಳಿಗೆ' ಸುರು ಮಾಡಿದ್ರು. ಊರೂರಿಗೆ ಹೋದ್ರು, ಜೋಳಿಗಿ ಹಿಡಿದ್ರು, ನಿಮ್ಮ ಕುಡತ, ತಂಬಾಕು, ಜೂಜು ನನ್ನ ಜೋಳಿಗಿಗೆ ಹಾಕ್ರಿ ಅಂತ ಬೇಡಿದ್ರು. ಅವರ ಕೈಯಾಗ ಕಾಯಿದೆ ಇರಲಿಲ್ಲ, ಪೊಲೀಸ್ ಇರಲಿಲ್ಲ. ಒಪ್ಪಿಸಿದ್ರು, ಒಪ್ಪಿದ ಜನ ಬಿಟ್ರು. ಭಾಳ ವರ್ಷ ಆದ ಮ್ಯಾಲ ಸರ್ಕಾರ ಅವರ ಹುಟ್ಟಿದ ದಿನ ಆಗಸ್ಟ್ 1ನ್ನ ವ್ಯಸನಮುಕ್ತ ದಿನ ಅಂತ ಘೋಷಿಸಿತು. ನೀತಿ ಜನರ ನಡುವ ಹುಟ್ಟಿ ಸರ್ಕಾರಕ್ಕ ಮುಟ್ಟಿತು. ಜಪಾನಿನ ವಿದ್ವಾಂಸರು ಹೆದರಿದ್ದು ಇದರ ಉಲ್ಟಾ ದಾರಿಗೆ. ಸಮಾಜದಾಗ ಶಾಂತಿ ಬೇಕಂದ್ರ ಮನಿಯೊಳಗ ಕುಡದು ಹೊಡಿಯೂದು ನಿಲ್ಲಬೇಕು. ಇಳಕಲ್ಲಿನ ಹೆಣ್ಣಮಕ್ಕಳನ್ನ ಕೇಳು, ಶಾಂತಿ ಅಂದ್ರ ಏನು ಅಂತ ಅವರು ಹೇಳತಾರ.

ಅಕ್ಕೋರು: ಅದು ನನಗ ಗೊತ್ತೈತ್ರಿ. ಸಂಜೀಕ ಮನಿಗೆ ಹೋಗಾಕ ಹೆದರೂ ಹುಡುಗಿಯರು ನನ್ನ ತರಗತಿಯೊಳಗೂ ಅದಾರ. ಅವರಿಗೆ ಹಿರೋಶಿಮಾ ದೂರ, ಮನಿ ಬಾಗಿಲು ಹತ್ತಿರ. ಹಂಗಾಗಿ ಶಾಂತಿ ಪಾಠ ಅಲ್ಲಿಂದ ಸುರು ಮಾಡಿದ್ರ ಅವರಿಗೆ ಮುಟ್ಟತೈತಿ ಅನಸತೈತಿ. ಆದ್ರ ಸರ, ಪಠ್ಯಪುಸ್ತಕಾನ ಸರ್ಕಾರ ಬರೀತೈತಲ್ಲ, ಆ ಜಗಳ ಅಲ್ಲಿ ಹ್ಯಾಂಗ ನಡೀತು?

ಮಾಸ್ತರು: ಇಯೆನಾಗ ಸಬುರೊ ಅನ್ನೋ ಇತಿಹಾಸಕಾರ ನಡೆಸಿದ. ಯುದ್ಧದ ಹೊತ್ತಿನಾಗ ಅಂವ ಮಾಸ್ತರ ಇದ್ದ, ಪುರಾಣಾನ ಇತಿಹಾಸ ಅಂತ ಕಲಿಸೂ ಕಾಲದಾಗ ಎದುರು ನಿಲ್ಲಲಿಲ್ಲ. ಆ ಪಶ್ಚಾತ್ತಾಪ ಅವನನ್ನ ಜೀವನಪೂರ್ತಿ ಬಿಡಲಿಲ್ಲ. ಅಲ್ಲಿ ಖಾಸಗಿ ಪ್ರಕಾಶಕರು ಪಠ್ಯ ಬರೆಸತಾರ, ಶಿಕ್ಷಣ ಸಚಿವಾಲಯ ತಪಾಸಣೆ ಮಾಡಿ ಒಪ್ಪಿಗಿ ಕೊಡತೈತಿ. ಅವನ ಪ್ರೌಢ ತರಗತಿ ಪುಸ್ತಕದಾಗ ಯುದ್ಧದ ಕರಾಳ ಚಿತ್ರ ಜಾಸ್ತಿ ಆತು ಅಂತ ತಿದ್ದಾಕ ಹೇಳಿದ್ರು. 1965ರಾಗ ಅಂವ ಸರ್ಕಾರದ ಮ್ಯಾಲ ದಾವೆ ಹಾಕಿದ. 1967ರಾಗ ಎರಡನೇದು, 1984ರಾಗ ಮೂರನೇದು. 1970ರಾಗ ಟೋಕಿಯೊ ಜಿಲ್ಲಾ ನ್ಯಾಯಾಲಯ ಎರಡನೇ ದಾವೆಯೊಳಗ ಅವನ ಪರ ತೀರ್ಪು ಕೊಟ್ಟಿತು, ಮ್ಯಾಲಿನ ಕೋರ್ಟಿನೊಳಗ ಅದು ಉಳೀಲಿಲ್ಲ. 1997ರ ಆಗಸ್ಟ್‌ನ್ಯಾಗ ಸುಪ್ರೀಂ ಕೋರ್ಟ್ ಕಡೇ ತೀರ್ಪು ಕೊಟ್ಟಿತು: ತಪಾಸಣೆ ಪದ್ಧತಿ ಸಂವಿಧಾನಕ್ಕ ವಿರುದ್ಧ ಅಲ್ಲ, ಆದ್ರ ಚೀನಾದೊಳಗ ಮನಿಷ್ಯಾರ ಮ್ಯಾಲ ರೋಗಾಣು ಪ್ರಯೋಗ ಮಾಡಿದ 731ನೇ ದಳದ ಮಾತು ತೆಗೆಸಿದ್ದು ಕಾಯಿದೆಗೆ ವಿರುದ್ಧ. ಒಟ್ಟು 32 ವರ್ಷ. ಗೆದ್ದದ್ದು ಕಡಿಮಿ. ಆದ್ರ ಆ 32 ವರ್ಷ ದೇಶ ಪಠ್ಯಪುಸ್ತಕದ ಸುದ್ದಿ ಮರೀಲಿಲ್ಲ.

ಅಕ್ಕೋರು: ನಮ್ಮಲ್ಲಿ ತಪಾಸಣೆ ಮಾತೇ ಇಲ್ಲ. ರಾಜ್ಯ ಪಠ್ಯಕ್ರಮದ ಪುಸ್ತಕ ಸರ್ಕಾರದ ಪಠ್ಯಪುಸ್ತಕ ಸಂಘಾನ ಬರೆಸತೈತಿ, ಅದ ಅಚ್ಚು ಹಾಕಸತೈತಿ. ಸರ್ಕಾರ ಬದಲಾತು ಅಂದ್ರ ಪಾಠ ಬದಲಾತು. 2022ರಾಗ ರೋಹಿತ್ ಚಕ್ರತೀರ್ಥ ಸಮಿತಿ ಪರಿಷ್ಕರಿಸಿದ ಪುಸ್ತಕದಾಗ ಬಸವಣ್ಣನವರ ಉಪನಯನದ ಬಗ್ಗೆ ಬರೆದ ಸಾಲಿಗೆ ಲಿಂಗಾಯತ ಮಠಾಧೀಶರು ಆಕ್ಷೇಪ ಎತ್ತಿದ್ರು. ಬಸವಣ್ಣ ಕಲಿತದ್ದು, ಐಕ್ಯ ಆದದ್ದು ಕೂಡಲಸಂಗಮದಾಗ, ನಮ್ಮ ತಾಲ್ಲೂಕಿನ್ಯಾಗ. ಆ ಪಾಠ ನಾವೂ ಮಾಡಬೇಕಲ್ರಿ. 2023ರಾಗ ಹೊಸ ಸರ್ಕಾರ ಬಂತು, ಮತ್ತ ಕೆಲವು ಪಾಠ ತಗದ್ರು, ಕೆಲವು ಸೇರಿಸಿದ್ರು. ಯಾವ ಸರ್ಕಾರದ ಸಮಿತಿ ಸರಿ ಅಂತ ನಾ ಹೇಳೂದಿಲ್ಲ. ಆದ್ರ ಹುಡುಗರು ಕೇಳತಾರ, ಹೋದ ವರ್ಷ ಖರೇ ಇದ್ದದ್ದು ಈ ವರ್ಷ ಸುಳ್ಳಾತೇನ್ರಿ ಅಂತ.

ಮಾಸ್ತರು: ಮಸಿ ಬಳಿದ ಆ ಹುಡುಗರ ಪ್ರಶ್ನೆನೂ ಇದ ಇತ್ತು ತಂಗಿ. ಯುದ್ಧ ಸೋಲದನ ನಮ್ಮ ಮಕ್ಕಳು ಈ ಪ್ರಶ್ನೆ ಕೇಳಾಕ ಹತ್ಯಾರ. ಅದಕ್ಕ ನನ್ನ ನಿಲುವು ಸ್ಪಷ್ಟ. ಪಠ್ಯಪುಸ್ತಕ ಬರಸೂ ಅಧಿಕಾರ ಮಂತ್ರಿಯ ಕೈಯಾಗ ಇರಬಾರದು. ಶಾಸನಸಭೆ ಒಂದು ಕಾಯಿದೆ ಮಾಡಿ, ಸರ್ಕಾರ ಬದಲಾದ್ರೂ ಬದಲಾಗದ ಒಂದು ಸ್ವತಂತ್ರ ಮಂಡಳಿ ಕಟ್ಟಬೇಕು. ಅದರಾಗ ವಿಷಯ ತಜ್ಞರು ಇರಲಿ, ಪ್ರಾಥಮಿಕ ಶಾಲೆ ಅಕ್ಕೋರು ಇರಲಿ. ಯಾವ ಸಾಲು ಯಾಕ ಬದಲಾತು ಅಂತ ಕಾರಣ ಬರೆದು ಎಲ್ಲಾರಿಗೂ ಸಿಗೂವಂಗ ಪ್ರಕಟಿಸಲಿ.

ಅಕ್ಕೋರು: ಆ ಮಂಡಳಿಯೊಳಗೂ ಮಂದಿ ತಮ್ಮವರನ್ನ ತುಂಬತಾರ. ಎಂಥ ಕಾಯಿದೆ ಮಾಡಿದ್ರೂ ಅದನ್ನ ನಡಸೂದು ಮನಿಷ್ಯಾರ. ಜಪಾನಿನ ಆ 1947ರ ಕಾಯಿದೆ ಈಗೂ ಹಂಗ ಐತೇನ್ರಿ?

ಮಾಸ್ತರು: ಇಲ್ಲ. 2006ರಾಗ ತಿದ್ದಿದ್ರು, ದೇಶಪ್ರೇಮದ ಮಾತು ಸೇರಿಸಿದ್ರು. ಮನಿಷ್ಯಾರೂ ಬದಲಾದ್ರು. ಶಾಂತಿ ಬಳಗದ ಮುಂದಾಳು ಶಿಮಿಜು ಇಕುತಾರೊ 1980ರಾಗ ಜಪಾನ್ ಅಣ್ವಸ್ತ್ರದ ವಿಚಾರ ಮಾಡಬೇಕು ಅಂತ ಬರೆದ. 1960ರಾಗ ಅಮೆರಿಕದ ಜೋಡಿ ಭದ್ರತಾ ಒಪ್ಪಂದವನ್ನ ಕಿಶಿ ಸರ್ಕಾರ ನಡುರಾತ್ರಿ ಒತ್ತಾಯದಿಂದ ಪಾಸು ಮಾಡಿಸಿಕೊಂಡಿತು. ಅದನ್ನ ವಿರೋಧಿಸಿ ಪ್ರಾಧ್ಯಾಪಕ ತಾಕೆಉಚಿ ಯೊಶಿಮಿ ನೌಕರಿಗೆ ರಾಜೀನಾಮೆ ಕೊಟ್ಟ. ಜೂನ್ 15ಕ್ಕ ಕನ್‌ಬ ಮಿಚಿಕೊ ಅನ್ನೋ ವಿದ್ಯಾರ್ಥಿನಿ ಸಂಸತ್ತಿನ ಆವರಣದಾಗ ನಡೆದ ಘರ್ಷಣೆಯೊಳಗ ಸತ್ತಳು. ಕಿಶಿ ಇಳಿದ, ಒಪ್ಪಂದ ಉಳೀತು. ಈ ಪ್ರಜಾಪ್ರಭುತ್ವ ಬರೇ ಭ್ರಮೆ ಅಂತ ಮುಂದ ಕೆಲವರು ಹೀಯಾಳಿಸಿದಾಗ ಮರುಯಾಮ ಅದರ ಮ್ಯಾಲಿನ ಭರವಸಿ ಬಿಡಲಿಲ್ಲ. ಹಳೇ ಸಾಮ್ರಾಜ್ಯದ ವಾಸ್ತವಕ್ಕಿಂತ ಈ ಭ್ರಮೆನ ನನಗ ಮೇಲು ಅನ್ನೂ ಅರ್ಥದಾಗ ಬರೆದ. ನಾನೂ ಹಂಗ. ಅರೆಕೊರೆ ಇದ್ರೂ ಸ್ವತಂತ್ರ ಮಂಡಳಿ ಬೇಕು. ಅದು ಬರೂತನ ಹೊಣಿ ನಿನ್ನಂಥ ಮಾಸ್ತರರ ಮ್ಯಾಲ ಐತಿ.

ಅಕ್ಕೋರು: ನನ್ನ ಕೈಯಾಗ ಇರೂದು ಒಂದು ಪುಸ್ತಕ, 40 ನಿಮಿಷದ ಒಂದು ತಾಸು. ಏನು ಮಾಡಲ್ರಿ?

ಮಾಸ್ತರು: ನಮ್ಮ ಜಿಲ್ಲೆಯೊಳಗ ಪುಸ್ತಕಕ್ಕಿಂತ ಹಳೇ ಪುರಾವೆ ಕಲ್ಲಿನ ಮ್ಯಾಲ ಅದಾವ. ಐಹೊಳೆಯ ಮೇಗುಟಿ ಗುಡಿಯೊಳಗ 634ರಾಗ ರವಿಕೀರ್ತಿ ಬರೆದ ಶಾಸನ ಓದಿಸು, ಪುಲಿಕೇಶಿಯ ಗೆಲುವು ಹೇಳು. ಅಂವ ಆಸ್ಥಾನದ ಕವಿ, ತನ್ನ ರಾಜನನ್ನ ಹೊಗಳಿ ಬರೆದಾನ ಅಂತಾನೂ ಹೇಳು. ಆಮೇಲೆ ಬಾದಾಮಿಗೆ ಕರಕೊಂಡು ಹೋಗು. 642ರ ಹೊತ್ತಿಗೆ ಪಲ್ಲವ ನರಸಿಂಹವರ್ಮ ಬಾದಾಮಿ ಹಿಡಿದ, 'ವಾತಾಪಿಕೊಂಡ' ಅಂತ ಬಿರುದು ಹಚ್ಚಿಕೊಂಡ. ಅವನ ಶಾಸನ ಬಾದಾಮಿಯ ಬಂಡಿಗಲ್ಲಿನ ಮ್ಯಾಲ ಐತಿ. ಚಪ್ಪಾಳಿ ಹೊಡಿಯೂ ಹುಡುಗರು ಅದನ್ನೂ ನೋಡಲಿ. ನಮ್ಮ ರಾಜಧಾನಿ ಹಾಳಾದಾಗ ಇಲ್ಲಿನ ಜನಕ್ಕ ಹ್ಯಾಂಗ ಆಗಿರಬೇಕು ಅಂತ ಕೇಳು. ನಾವು ಬ್ಯಾರೆಯವರ ಊರು ಗೆದ್ದಾಗ ಅವರಿಗೆ ಹ್ಯಾಂಗ ಆಗಿರಬೇಕು ಅಂತಾನೂ ಕೇಳು.

ಅಕ್ಕೋರು: ಪಟ್ಟದಕಲ್ಲಿನೊಳಗ ಏನು ಹೇಳಬೇಕ್ರಿ? ವಿರೂಪಾಕ್ಷ ಗುಡಿನೂ ಕಂಚಿ ಗೆದ್ದ ಸಂಭ್ರಮಕ್ಕ ಕಟ್ಟಿದ್ದಲ್ಲ?

ಮಾಸ್ತರು: ಹೌದು. ಇಮ್ಮಡಿ ವಿಕ್ರಮಾದಿತ್ಯ ಮೂರು ಸಲ ಕಂಚಿ ಗೆದ್ದದ್ದರ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದಳು. ಆ ಗುಡಿಯ ಮಾದರಿ ಮಾತ್ರ ಗೆದ್ದ ಊರಿನದು, ಕಂಚಿಯ ಕೈಲಾಸನಾಥ. ಅದಕ್ಕಿಂತ ದೊಡ್ಡ ಮಾತು ಐತಿ. ಕಂಚಿ ಒಳಗ ಹೊಕ್ಕ ವಿಕ್ರಮಾದಿತ್ಯ ಕೈಲಾಸನಾಥ ಗುಡಿಯ ಸಂಪತ್ತು ನೋಡಿ, ಅದನ್ನ ಲೂಟಿ ಮಾಡದ ದೇವರಿಗೆ ತಿರುಗಿ ಒಪ್ಪಿಸಿದ. ಇದನ್ನ ಹೇಳೂ ಕನ್ನಡ ಶಾಸನ ಇವತ್ತಿಗೂ ಕಂಚಿಯ ಆ ಗುಡಿಯೊಳಗ ಐತಿ. ನೂರು ವರ್ಷದ ಹಿಂದ ತನ್ನ ಮನೆತನದ ರಾಜಧಾನಿ ಸುಟ್ಟವರ ಊರಿನೊಳಗ ನಿಂತು ಅಂವ ಸೇಡು ತೀರಿಸಿಕೊಳ್ಳಲಿಲ್ಲ. ನರ್ಮದೆಯ ಗೆಲುವು ಹುಡುಗರಿಗೆಲ್ಲ ಬಾಯಿಪಾಠ ಐತಿ. ಕಂಚಿಯ ಈ ಶಾಸನ ಎಷ್ಟು ಹುಡುಗರಿಗೆ ಗೊತ್ತು?

ಅಕ್ಕೋರು: ನಾ ಕಲಿಸಿಲ್ಲ ಅಂದ ಮ್ಯಾಲ ನನ್ನ ಹುಡುಗರಿಗೆ ಹ್ಯಾಂಗ ಗೊತ್ತಿರಬೇಕ್ರಿ? ಆದ್ರ ಒಂದು ಅನುಮಾನ. ಅಂವಾ ಮೂರು ಸಲ ಯುದ್ಧಕ್ಕ ಹೋದವನ. ಶಾಂತಿಪುರುಷ ಅನ್ನಾಕ ಬರತೈತೇನು?

ಮಾಸ್ತರು: ಬರೂದಿಲ್ಲ, ಹಂಗ ಹೇಳಾಕೂ ಬ್ಯಾಡ. ಮೂರೂ ಯುದ್ಧ ಹೇಳು, ತಿರುಗಿ ಕೊಟ್ಟದ್ದೂ ಹೇಳು. ತೀರ್ಮಾನ ಹುಡುಗರು ಮಾಡಲಿ. ಪುರಾವೆ ಪೂರಾ ಇಟ್ಟು ತೀರ್ಮಾನ ಮಕ್ಕಳಿಗೆ ಬಿಡೂ ಧೈರ್ಯ ಮಾಸ್ತರಿಗೆ ಇರಬೇಕು. ಇಯೆನಾಗ 32 ವರ್ಷ ಕೋರ್ಟಿಗೆ ಅಲೆದದ್ದು ಈ ಹಕ್ಕಿನ ಸಲುವಾಗಿ. ಪಟ್ಟದಕಲ್ಲನ್ನ 1987ರಾಗ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ದು ಯುನೆಸ್ಕೋ. ಮನಿಷ್ಯಾರ ಮನಸ್ಸಿನ್ಯಾಗ ಹುಟ್ಟೂ ಯುದ್ಧಾನ ಅಲ್ಲೇ ತಡೀಬೇಕು ಅನ್ನೋ ಉದ್ದೇಶಕ್ಕ ಹುಟ್ಟಿದ ಸಂಸ್ಥೆ ಅದು. ಟಿಕೆಟ್ ತಗೊಂಡು ಫೋಟೊ ಹೊಡಕೊಂಡು ಬಂದ್ರ ಆ ಉದ್ದೇಶ ಮುಟ್ಟೂದಿಲ್ಲ.

ಅಕ್ಕೋರು: ಈ ವರ್ಷ ಪ್ರವಾಸಕ್ಕ ಐಹೊಳೆ, ಬಾದಾಮಿ, ಪಟ್ಟದಕಲ್ಲು ಮೂರನ್ನೂ ಒಂದ ಪಾಠ ಮಾಡತೇನ್ರಿ. ಕಂಚಿ ಶಾಸನದ ಸಾರಾಂಶ ಕನ್ನಡದಾಗ ಬರೆದು ಹುಡುಗರ ಕೈಗೆ ಕೊಡತೇನಿ. ಎಸ್‌ಡಿಎಂಸಿಯ ಪಾಲಕರನ್ನೂ ಕರೀತೇನಿ. ಅವರು ಕೇಳಲಿ, ಪ್ರಶ್ನಿಸಲಿ. ಆದ್ರ ನನ್ನ ಒಬ್ಬಾಕಿಯಿಂದ ಆಗೂ ಕೆಲಸ ಇದಲ್ಲ ಸರ.

ಮಾಸ್ತರು: ಅದಕ್ಕ ಈ ಮಾತನ್ನ ಜಿಲ್ಲೆಯ ಎಲ್ಲಾ ಮಾಸ್ತರರಿಗೂ, ಅಕ್ಕೋರಿಗೂ, ಪಾಲಕರಿಗೂ ಹೇಳೂನು. ನಿಮ್ಮ ಸಾಲಿಯೊಳಗ ಗೆಲುವಿನ ಪಾಠ ಮಾಡಿದ ವಾರದಾಗ ಸೋಲಿನ ಪಾಠಾನೂ, ಲೂಟಿ ಮಾಡದ ಬಿಟ್ಟ ಪಾಠಾನೂ ಮಾಡ್ರಿ. ಓಟು ಕೇಳಾಕ ಬಂದ ಅಭ್ಯರ್ಥಿಗೆ, ಅಂವ ಯಾವ ಪಕ್ಷದವ ಇರಲಿ, ಸ್ವತಂತ್ರ ಪಠ್ಯಪುಸ್ತಕ ಮಂಡಳಿ ತರತಿಯೇನು ಅಂತ ಮೊದಲು ಕೇಳ್ರಿ, ಪಗಾರದ ಮಾತು ಆಮೇಲೆ ಆಡ್ರಿ. ಜಪಾನಿನ ಗುರುಗಳು ಶಿಷ್ಯರನ್ನ ಕಳಕೊಂಡ ಮ್ಯಾಲ ಒಲ್ಲೆ ಅನ್ನೂದು ಕಲಿತರು. ನಾವು ಕಳಕೊಳ್ಳೂಕಿಂತ ಮೊದಲ ಕಲೀಬೇಕು.